ನ್ಯೂಯಾರ್ಕಿನಲ್ಲಿ ವಂಶವೃಕ್ಷ ನಡೆಯುವುದಿಲ್ಲ

ಮೊನ್ನೆ ಇನ್ನೊಂದು ಕುಟುಂಬ ಅದೇ ತಪ್ಪು ಮಾಡಿತು. ಮಗನನ್ನು ಕಳೆದುಕೊಂಡ ಅಪ್ಪ ಊರಿನ ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ನೋಟರಿ ಸಹಿ ಹಾಕಿಸಿ ಇಲ್ಲಿಗೆ ಕೊರಿಯರ್ ಮಾಡಿದ್ದಾರೆ. ನಾವೂ ಹಾಗೇ ಮಾಡಿದ್ದೆವು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಮ್ಮ ಇಲ್ಲಿ ಬೆಂಕಿ ಅನಾಹುತದಲ್ಲಿ ಹೋದ. ಸತ್ತವರ ಕುಟುಂಬಗಳಿಗೆಂದು ಒಂದು ನಿಧಿ ಮಾಡಿದರು. ಅವನ ಹೆಂಡತಿ ಇಲ್ಲೇ ನೆಲೆಸಿದ್ದಳು. ಆದರೆ ಊಟ ನಿದ್ದೆ ಬಿಟ್ಟು ಕೂತಿದ್ದವಳಿಗೆ ಈ ಓಡಾಟ ಯಾಕೆ ಅಂತ ಅಪ್ಪನ ಹೆಸರಲ್ಲಿ ಅರ್ಜಿ ಹಾಕಿದೆವು. ಹರಿಯದಿರಲಿ ಅಂತ ಅಪ್ಪ ವಂಶವೃಕ್ಷಕ್ಕೆ ಲ್ಯಾಮಿನೇಷನ್ ಬೇರೆ ಮಾಡಿಸಿದ್ದರು. ಕೌಂಟರಿನಲ್ಲಿದ್ದಾಕೆ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ಮೆಲ್ಲಗೆ ನನ್ನ ಕಡೆ ಸರಿಸಿ, "ಕೋರ್ಟಿನ ಪತ್ರ ಎಲ್ಲಿ?" ಎಂದರು.

ವಾರಸುದಾರರು ಯಾರು ಅನ್ನುವುದು ಒಂದು ಪ್ರಶ್ನೆ. ಸತ್ತವರ ಪರವಾಗಿ ಸಹಿ ಹಾಕುವ ಅಧಿಕಾರ ಯಾರಿಗೆ ಅನ್ನುವುದು ಬೇರೆಯೇ ಪ್ರಶ್ನೆ. ಆ ಅಧಿಕಾರವನ್ನು ಇಲ್ಲಿ ಸರೊಗೇಟ್ಸ್ ಕೋರ್ಟ್, ಅಂದರೆ ಸತ್ತವರ ವಿಲ್, ಆಸ್ತಿ ವಿಷಯ ನೋಡುವ ಕೋರ್ಟ್, ಕೊಡಬೇಕು. ವಿಲ್ ಇಲ್ಲದಿದ್ದರೆ ಸಿಗುವ ಪತ್ರಕ್ಕೆ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್ ಅನ್ನುತ್ತಾರೆ. ನಾವು ಅಲ್ಲಿಗೂ ಅಪ್ಪನ ಹೆಸರನ್ನೇ ಕೊಟ್ಟೆವು! ಅಮೆರಿಕದ ಪ್ರಜೆಯಲ್ಲದೆ, ಹೊರದೇಶದಲ್ಲಿ ಇರುವವರು ಒಬ್ಬರೇ ಈ ಹೊಣೆ ಹೊರುವಂತಿಲ್ಲ. ಜೊತೆಗೆ ನ್ಯೂಯಾರ್ಕ್ ರಾಜ್ಯದಲ್ಲಿ ವಾಸ ಇರುವವರು ಒಬ್ಬರಾದರೂ ಬೇಕು. ಏಳು ತಿಂಗಳು ಹೋಯಿತು. ವಕೀಲರ ಫೀಸು ಎರಡೆರಡು ಸಲ ಕಟ್ಟಿದೆವು. ಕೊನೆಗೆ ತಮ್ಮನ ಹೆಂಡತಿಯೇ ಬಂದು ಸಹಿ ಹಾಕಬೇಕಾಯಿತು. ಸತ್ತವರ ಹೆಂಡತಿ ಇಲ್ಲೇ ಇದ್ದರೆ ದಯವಿಟ್ಟು ಮೊದಲ ದಿನವೇ ಅವರನ್ನು ಕೈಹಿಡಿದು ಕರೆದುಕೊಂಡು ಹೋಗಿ. ಕಾಗದ ನೀವು ತುಂಬಿ, ಹೆಸರು ಮಾತ್ರ ಅವರದ್ದೇ ಇರಲಿ.

ಇನ್ನು ಯಾರಿಗೆ ಎಷ್ಟು ಅನ್ನುವುದು. ಪ್ರತಿ ನಿಧಿಗೂ ಅದರದ್ದೇ ನಿಯಮ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರದ ಸರ್ಕಾರಿ ನಿಧಿಯನ್ನು ಕೆನೆತ್ ಫೈನ್‌ಬರ್ಗ್ ಎಂಬ ವಕೀಲರು ಹಂಚಿದರು. ಸತ್ತವರ ಸಂಬಳ, ಅವರನ್ನು ನಂಬಿಕೊಂಡವರು ಎಷ್ಟು ಜನ ಎಂದೆಲ್ಲ ಲೆಕ್ಕ ಹಾಕಿದ್ದರಿಂದ ಒಂದು ಕುಟುಂಬಕ್ಕೆ 250,000 ಡಾಲರ್, ಇನ್ನೊಂದಕ್ಕೆ 71 ಲಕ್ಷ ಡಾಲರ್ ಬಂತು. ಜೀವವಿಮೆ ಹಣವನ್ನು ಕಳೆದರು, ದಾನದ ಹಣವನ್ನು ಕಳೆಯಲಿಲ್ಲ. ಹಣ ಪಡೆದವರು ವಿಮಾನ ಕಂಪನಿಗಳ ಮೇಲೆ ಕೇಸು ಹಾಕುವ ಹಕ್ಕು ಬಿಡಬೇಕಿತ್ತು. ಇಂಥ ಸಾಲು ನಿಮ್ಮ ಕಾಗದದಲ್ಲೂ ಇದೆಯಾ, ಸಹಿಗೆ ಮುಂಚೆ ವಕೀಲರಿಗೆ ತೋರಿಸಿ.

ಆದರೆ 2007ರಲ್ಲಿ ವರ್ಜೀನಿಯಾ ಟೆಕ್ ಗುಂಡಿನ ದಾಳಿಯಾದಾಗ, ಜನ ಕೊಟ್ಟ ಹಣವನ್ನು ಅದೇ ಫೈನ್‌ಬರ್ಗ್ ಸತ್ತ 32 ಜನರ ಕುಟುಂಬಗಳಿಗೆ ಸಮವಾಗಿ ಹಂಚಿದರು. ನನಗೆ ಇದೇ ಸರಿ ಅನಿಸುತ್ತದೆ. ಪಾತ್ರೆ ತೊಳೆಯುತ್ತಿದ್ದವನ ತಾಯಿಗೆ "ನಿಮ್ಮ ಮಗನ ಬೆಲೆ ಇಷ್ಟೇ" ಅಂತ ಹೇಗೆ ಹೇಳುವುದು? ಊರಲ್ಲಿ ಸರ್ಕಾರ ಪರಿಹಾರ ಘೋಷಿಸುವಾಗ ಸತ್ತವರೆಲ್ಲರಿಗೂ ಒಂದೇ ಮೊತ್ತ ಹೇಳುತ್ತದೆ. ಮೊತ್ತ ಸಣ್ಣದು, ನಿಜ. ಆದರೆ ಆ ಮರ್ಯಾದೆ ದೊಡ್ಡದು.

ಮನೆಯೊಳಗಿನ ಪಾಲಿನಲ್ಲೂ ಊರಿನ ಕಾನೂನೇ ನನಗೆ ಹಿಡಿಸುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ವಿಲ್ ಬರೆಯದೆ ಸತ್ತ ಮಗನ ಆಸ್ತಿಯಲ್ಲಿ ಹೆಂಡತಿ ಮಕ್ಕಳ ಜೊತೆ ತಾಯಿಗೂ ಸಮಪಾಲು. ನ್ಯೂಯಾರ್ಕಿನಲ್ಲಿ ಹಾಗಲ್ಲ. ಹೆಂಡತಿಗೆ ಮೊದಲು 50,000 ಡಾಲರ್, ಉಳಿದದ್ದರಲ್ಲಿ ಅರ್ಧ, ಇನ್ನರ್ಧ ಮಕ್ಕಳಿಗೆ. ತಾಯಿಗೆ ಏನೂ ಇಲ್ಲ. ನಿಧಿಯವರು ಈ ಕಾನೂನನ್ನೇ ಹಿಡಿದರೆ ಊರಲ್ಲಿ ಮಗನ ದುಡ್ಡಿನಲ್ಲೇ ಔಷಧಿ ತಗೊಳ್ಳುತ್ತಿದ್ದ ಅಮ್ಮ ಬರಿಗೈಯಲ್ಲಿ ಉಳಿಯುತ್ತಾರೆ. ತಮ್ಮ ಪ್ರತಿ ತಿಂಗಳು ಅಮ್ಮನಿಗೆ ಕಳಿಸುತ್ತಿದ್ದ ಹಣದ ಬ್ಯಾಂಕ್ ದಾಖಲೆಗಳನ್ನು ನಾವು ಅರ್ಜಿಗೆ ಸೇರಿಸಿದೆವು. ನೀವೂ ಸೇರಿಸಿ. ನಿಧಿಯ ನಿಯಮ ಒಪ್ಪಿದರೆ ಅವಲಂಬಿತರ ಲೆಕ್ಕದಲ್ಲಿ ಅವರ ಹೆಸರು ಬರಬಹುದು.

ನಾನು ಆಮೇಲೆ ವಿಲ್ ಬರೆಸಿದೆ. ನಡೆಸಿಕೊಡಲು ಇಲ್ಲೇ ಇರುವ ಗೆಳೆಯನ ಹೆಸರು ಹಾಕಿದ್ದೇನೆ, ಅಮ್ಮನಿಗೆ ಎಷ್ಟು ಅಂತಲೂ ಬರೆಸಿದ್ದೇನೆ. ಅದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು.