ಆ ಜಾಹೀರಾತನ್ನು ಮೊದಲು ಮ್ಯೂಟ್ ಮಾಡಿ ನೋಡಿ

ಪ್ಯಾರಾಲಿಂಪಿಕ್ಸ್ ಹತ್ತಿರ ಬಂತೆಂದರೆ ನನ್ನ ಫೋನಿಗೆ ಅಂಗವಿಕಲ ಆಟಗಾರರ ಜಾಹೀರಾತು ವಿಡಿಯೊಗಳ ಸುರಿಮಳೆ. ‘ಸರ್, ನೋಡಿ, ಕಣ್ಣಲ್ಲಿ ನೀರು ಬರುತ್ತೆ’ ಅಂತ ಬರೆದು ಕಳಿಸುತ್ತಾರೆ. ನನ್ನ ಎಡಗಾಲಿಗೆ ಪೋಲಿಯೊ. ಹಾಸನದ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಮಾಡುತ್ತೇನೆ. ಎರಡೂ ಕಾರಣಕ್ಕೆ ನನಗೇ ಕಳಿಸಬೇಕು ಅನ್ನಿಸುತ್ತದೋ ಏನೋ. ನನಗೆ ನೀರು ಬರುವುದಿಲ್ಲ, ಸುಮ್ನೆ ಅನುಮಾನ ಬರುತ್ತದೆ. ಆ ಅನುಮಾನವನ್ನು ಒಂದು ಕ್ರಮಕ್ಕೆ ತಂದು ಕ್ಲಾಸಿನಲ್ಲಿ ಬಳಸುತ್ತೇನೆ. ನೀವೂ ಮಾಡಿ ನೋಡಿ. ಬೇಕಾದದ್ದು ಒಂದು ಫೋನು, ಒಂದು ಪೆನ್ನು, ಅರ್ಧ ಗಂಟೆ.

ಅಭ್ಯಾಸಕ್ಕೆ ಬ್ರಿಟನ್ನಿನ ಚಾನೆಲ್ 4 ಟಿವಿಯ ಜಾಹೀರಾತುಗಳೇ ವಾಸಿ. 2012ರಿಂದ 2024ರ ತನಕ ಪ್ರತಿ ಬೇಸಿಗೆ ಪ್ಯಾರಾಲಿಂಪಿಕ್ಸ್‌ಗೂ ಒಂದೊಂದರಂತೆ ನಾಲ್ಕು ಮಾಡಿದ್ದಾರೆ. ಹಿಂದಿನದರ ತಪ್ಪನ್ನು ಮುಂದಿನದರಲ್ಲಿ ತಿದ್ದಲು ಹೋಗಿದ್ದೂ ಕಾಣುತ್ತದೆ.

ಮೊದಲು 2012ರದ್ದು. ಶಬ್ದ ಪೂರ್ತಿ ತೆಗೆಯಿರಿ. ಆ ಹಾಡು ಕೇಳಿಸುತ್ತಿದ್ದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ, ಏನೂ ಕಾಣಿಸುವುದಿಲ್ಲ. ಮ್ಯೂಟ್ ಮಾಡಿದ ಮೇಲೆ ಕ್ಯಾಮೆರಾ ಮೊದಲು ಎಲ್ಲಿಗೆ ಹೋಗುತ್ತದೆ ಅಂತ ಬರೆದುಕೊಳ್ಳಿ. ಮುಖಕ್ಕೋ, ಇಲ್ಲದ ಕಾಲಿಗೋ? ಆಟದ ದೃಶ್ಯಗಳ ನಡುವೆ ಥಟ್ಟನೆ ಯುದ್ಧಭೂಮಿಯ ಸ್ಫೋಟ, ಒಬ್ಬ ಬಸುರಿ, ಪಲ್ಟಿ ಹೊಡೆಯುವ ಕಾರು ಬರುತ್ತವೆ. ಅಂದರೆ ‘ಇವರಿಗೆ ಹೀಗೆ ಹೇಗಾಯಿತು?’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟೇ ಆಟ ಮುಂದುವರಿಯಬೇಕು. ಬಸ್ಸಿನಲ್ಲಿ ಪಕ್ಕ ಕೂತವರು ನನ್ನನ್ನು ಕೇಳುವುದೂ ಇದನ್ನೇ, ಹೆಸರು ಕೇಳುವುದಕ್ಕೂ ಮೊದಲು.

ಆಮೇಲೆ ಉಲ್ಟಾ ಮಾಡಿ. ಚಿತ್ರ ಬಿಟ್ಟು ಮಾತು, ಬರಹ ಮಾತ್ರ ಗಮನಿಸಿ. ಫ್ರಾನ್ಸಿನ ಚಿಂತಕ ರೋಲಾಂ ಬಾರ್ತ್ ಹೇಳಿದ ಒಂದು ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಚಿತ್ರಕ್ಕೆ ಹತ್ತು ಅರ್ಥ ಇರಬಹುದು, ಅದರ ಜೊತೆಗಿರುವ ಬರಹ ಒಂದೇ ಅರ್ಥಕ್ಕೆ ಲಂಗರು ಹಾಕುತ್ತದೆ. 2012ರ ಲಂಗರು ‘ಸೂಪರ್‌ಹ್ಯೂಮನ್’. ಮನುಷ್ಯರಿಗಿಂತ ಮೇಲಿನವರು ಅಂತ. ಅಂಥವರಿಗೆ ರ‍್ಯಾಂಪ್ ಯಾಕೆ, ಪಿಂಚಣಿ ಯಾಕೆ, ಅಲ್ವಾ?

ಕನ್ನಡದ ಜಾಹೀರಾತಾದರೆ ಕೆಲಸ ಇನ್ನೂ ಸುಲಭ. ಒಂದೇ ಅಕ್ಷರ ಹುಡುಕಿ: ‘ರೂ’. ಕಾಲಿಲ್ಲದಿದ್ದರೂ ಜಿಗಿದ. ಕಣ್ಣು ಕಾಣದಿದ್ದರೂ ಓಡಿದಳು. ಆ ‘ರೂ’ ಇರುವ ತುಂಡನ್ನು ಪೆನ್ನಿನಿಂದ ಹೊಡೆದುಹಾಕಿ. ಉಳಿದದ್ದು ‘ಜಿಗಿದ’. ಎಷ್ಟು ಜಿಗಿದ, ಎಲ್ಲಿ, ಯಾರ ಎದುರು? ಅಷ್ಟೂ ಜಾಹೀರಾತಿನ ಬರಹದಲ್ಲಿ ಇದ್ದರೆ ಅದು ಆಟಗಾರನ ಜಾಹೀರಾತು. ಇಲ್ಲದಿದ್ದರೆ ಕಾಲಿನ ಜಾಹೀರಾತು. ಪ್ಯಾರಿಸ್ 2024ಕ್ಕೆ ಚಾನೆಲ್ 4 ಮಾಡಿದ್ದು ಇದೇ ‘ರೂ’ ಬಗ್ಗೆ. ‘ಅವರ ಸ್ಥಿತಿ ನೋಡಿದರೆ ಇಷ್ಟು ಮಾಡಿದ್ದೇ ದೊಡ್ಡದು’ ಎನ್ನುವವರನ್ನು ‘ಯಾವ ಸ್ಥಿತಿ?’ ಅಂತ ತಿರುಗಿ ಕೇಳುತ್ತದೆ. ಗುರುತ್ವ, ಘರ್ಷಣೆ, ಸಮಯ ಇವೇ ಅಲ್ಲಿ ಮನುಷ್ಯ ರೂಪದಲ್ಲಿ ಬಂದು ಎದುರಾಳಿಗಳಾಗುತ್ತವೆ. ನಾಲ್ಕರಲ್ಲಿ ನನಗೆ ಇಷ್ಟವಾದದ್ದು ಅದೊಂದೇ.

ಈಗ ಕಷ್ಟದ ಭಾಗ. ನೋಡುವವನು ಎಲ್ಲಿ ಕೂತಿದ್ದಾನೆ ಅಂತ ಹುಡುಕಬೇಕು. ಬ್ರಿಟನ್ನಿನ ಮಾಧ್ಯಮ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲೇ ಹೇಳಿದ್ದರು: ಟಿವಿಯವರು ತುಂಬಿಸಿ ಕಳಿಸಿದ ಅರ್ಥವನ್ನು ಒಬ್ಬರು ಹಾಗೇ ಒಪ್ಪುತ್ತಾರೆ, ಒಬ್ಬರು ಚೌಕಾಸಿ ಮಾಡುತ್ತಾರೆ, ಒಬ್ಬರು ತಿರುಗಿಸಿ ಓದುತ್ತಾರೆ. ಒಬ್ಬರೇ ಕೂತರೆ ಇದು ಗೊತ್ತಾಗುವುದಿಲ್ಲ. ಮನೆಯಲ್ಲೋ ಕೇರಿಯಲ್ಲೋ ಇರುವ ಅಂಗವಿಕಲರೊಬ್ಬರ ಜೊತೆ ಕೂತು ನೋಡಿ. 2016ರ ಜಾಹೀರಾತಿನ ಪಲ್ಲವಿ ‘ನನ್ನಿಂದ ಆಗುತ್ತೆ’ ಅಂತ. ನೂರ ನಲವತ್ತಕ್ಕೂ ಜಾಸ್ತಿ ಅಂಗವಿಕಲರು ಅದರಲ್ಲಿದ್ದಾರೆ. ಬರೀ ಆಟಗಾರರಲ್ಲ, ವಾದ್ಯ ನುಡಿಸುವವರೂ ಇದ್ದಾರೆ. ಆ ಖುಷಿ ನನಗೂ ಹಿಡಿಸಿತು. ಆದರೆ ನಾನು ಸಂಬಳ ತೆಗೆಯಲು ಹೋಗುವ ಕಡೆ ಐದು ಮೆಟ್ಟಿಲಿವೆ, ಹಿಡಿಯಲು ಕಂಬಿಯಿಲ್ಲ. ‘ಆಗುತ್ತೆ’ ಅಂತ ಹಾಡಿದರೆ ಅವು ತಗ್ಗುವುದಿಲ್ಲ. ನನ್ನದು ಚೌಕಾಸಿ ಓದು. ಆಸ್ಟ್ರೇಲಿಯಾದ ಪತ್ರಕರ್ತೆ ಸ್ಟೆಲ್ಲಾ ಯಂಗ್ ಅವರದು ತಿರುಗಿಸಿದ ಓದು. ವೀಲ್‌ಚೇರಿನಲ್ಲಿದ್ದ ಆಕೆ ಇಂಥ ಚಿತ್ರಗಳನ್ನು ‘ಇನ್‌ಸ್ಪಿರೇಷನ್ ಪೋರ್ನ್’ (ಸ್ಫೂರ್ತಿಯ ಹೆಸರಿನ ಅಶ್ಲೀಲ ಚಿತ್ರ) ಅಂತಲೇ ಕರೆದರು. ‘ಸದ್ಯ, ನಮ್ಮ ಪಾಡು ಇದಕ್ಕಿಂತ ವಾಸಿ’ ಅಂತ ನೋಡುವವರಿಗೆ ಅನ್ನಿಸಲಿ ಅಂತಲೇ ಇವನ್ನು ಮಾಡುತ್ತಾರೆ ಎಂಬುದು ಅವರ ಸಿಟ್ಟು.

ಫೋಟೊ ಆದರೆ ಚೌಕಟ್ಟಿನ ಅಂಚು ನೋಡಿ, ಯಾರನ್ನು ಕತ್ತರಿಸಿದ್ದಾರೆ ಅಂತ. ಕಣ್ಣು ಕಾಣದ ಓಟಗಾರ್ತಿಯ ಜೊತೆ ಕೈಗೆ ದಾರ ಕಟ್ಟಿಕೊಂಡು ಗೈಡ್ ಓಡುತ್ತಾರೆ. ಚಿಕ್ಕಮಗಳೂರು ಕಡೆಯ ರಕ್ಷಿತಾ ರಾಜು ಓಡುವುದೂ ಹಾಗೆ. ಗೈಡ್ ಹೊರಗೆ ಹೋದರೆ ಅದು ‘ಒಂಟಿ ಹೋರಾಟ’ದ ಕಥೆ ಆಗಿಬಿಡುತ್ತದೆ. ಇದಕ್ಕಿಂತ ಕೆಟ್ಟದ್ದೂ ಇದೆ. 2016ರಲ್ಲಿ ಬ್ರೆಜಿಲ್‌ನ ವೋಗ್ ಪತ್ರಿಕೆ ಇಬ್ಬರು ನಟರ ಫೋಟೊದಲ್ಲಿ ಒಬ್ಬರ ಕೈ, ಒಬ್ಬರ ಕಾಲನ್ನು ಕಂಪ್ಯೂಟರಿನಲ್ಲಿ ಅಳಿಸಿ ‘ನಾವೆಲ್ಲ ಪ್ಯಾರಾಲಿಂಪಿಕ್’ ಅಂತ ಹಾಕಿತು. ನಿಜವಾದ ಪ್ಯಾರಾ ಆಟಗಾರರು ಫೋಟೊ ತೆಗೆಯುವ ಕಡೆಯೇ ಇದ್ದರು!

ನನಗೂ ಒಂದು ಅನುಭವ ಇದೆ. ಕಾಲೇಜು ದಿನಗಳಲ್ಲಿ ಗುಂಡು ಎಸೆಯುತ್ತಿದ್ದೆ. ಒಂದು ಕಂಪನಿಯವರು ಪೋಸ್ಟರಿಗೆ ಅಂತ ಕರೆಸಿದರು. ಕ್ಯಾಲಿಪರ್ (ಕಾಲಿಗೆ ಆಸರೆ ಕೊಡುವ ಪಟ್ಟಿ) ಹಾಕಿಕೊಂಡು ನಡೆದೇ ಹೋದೆ. ಅವರು ವೀಲ್‌ಚೇರ್ ತರಿಸಿ ಕೂರಿಸಿದರು. ‘ನಗಬೇಡಿ, ಆಕಾಶ ನೋಡಿ’ ಅಂದರು. ಗುಂಡು ಎಷ್ಟು ದೂರ ಹೋಗುತ್ತದೆ ಅಂತ ಒಬ್ಬರೂ ಕೇಳಲಿಲ್ಲ.

ಕೊನೆಗೆ ಆಟದ ಲೆಕ್ಕ ಹುಡುಕಿ. ನಮ್ಮ ಜಿಲ್ಲೆಯ ಗಿರೀಶ್ ಲಂಡನ್ 2012ರಲ್ಲಿ ಹೈಜಂಪ್ ಬೆಳ್ಳಿ ಗೆದ್ದರು. ಅವರ ವರ್ಗ ಎಫ್42, ಅಂದರೆ ಕಾಲಿನ ಅಂಗವೈಕಲ್ಯ ಇರುವವರ ಒಂದು ಸ್ಪರ್ಧಾ ವರ್ಗ. ಆ ಸಲ ಭಾರತಕ್ಕೆ ಬಂದದ್ದು ಅದೊಂದೇ ಪದಕ. ಚಿನ್ನ, ಬೆಳ್ಳಿ, ಕಂಚು ಗೆದ್ದ ಮೂವರೂ ಹಾರಿದ್ದು 1.74 ಮೀಟರ್. ಯಾರು ಕಡಿಮೆ ಸಲ ತಪ್ಪಿದರು ಅನ್ನುವುದರ ಮೇಲೆ ಪದಕದ ಬಣ್ಣ ನಿಂತಿತು. ಎಂಥ ಫೈನಲ್ ನೋಡಿ! ಈ ಕಥೆಗೆ ಪಿಟೀಲಿನ ಅಳು ಬೇಕಾ?

ಕಳೆದ ತಿಂಗಳು ಕ್ಲಾಸಿನಲ್ಲಿ ಗಿರೀಶ್ ಫೋಟೊ ಕೊಟ್ಟು ಜಾಹೀರಾತಿಗೆ ಒಂದು ಸಾಲು ಬರೆಯಿರಿ ಅಂದೆ. ಹಿಂದಿನ ಬೆಂಚಿನ ಹುಡುಗಿ ಬರೆದದ್ದು: ‘ಮೂವರೂ ಹಾರಿದ್ದು 1.74. ಬೆಳ್ಳಿ ನಮ್ಮದು.’

‘ಕಾಲಿನ ಬಗ್ಗೆ ಏನೂ ಹೇಳಿಲ್ಲ ಸರ್, ನಡೆಯುತ್ತಾ?’ ಅಂದಳು.

‘ವರ್ಗ ಎಫ್42 ಅಂತ ಕೆಳಗೆ ಸಣ್ಣದಾಗಿ ಹಾಕು’ ಅಂದೆ.