ಬೋರ್ಡೋಗೆ ಸುಣ್ಣ ಅರಳಿಸುವಾಗ ಕಣ್ಣು ಜೋಪಾನ

ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗಳಿಗೆ ಬೋರ್ಡೋ, ಅಂದರೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ದ್ರಾವಣ, ಹೊಡೆಯಬೇಕು, ಇಲ್ಲದಿದ್ದರೆ ಕೊಳೆರೋಗ ಬಿಡುವುದಿಲ್ಲ. ಮಲೆನಾಡು, ಕರಾವಳಿಯ ತೋಟದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮೈಲುತುತ್ತು ವಿಷ ಅಂತ ಎಲ್ಲರೂ ಹುಷಾರಾಗಿರುತ್ತಾರೆ. ಸುಣ್ಣದ ಜೊತೆ ಮಾತ್ರ ತುಂಬಾ ಸಲಿಗೆ. ಎಲೆಗೆ ಹಚ್ಚಿ ತಿನ್ನುತ್ತೇವೆ ಅಲ್ವಾ, ಏನಾಗುತ್ತೆ ಅನ್ನುವ ಧೈರ್ಯ. ಆದರೆ ಅದು ಆಗಲೇ ನೀರು ಕುಡಿದು ತಣಿದ ಸುಣ್ಣ. ಭಟ್ಟಿಯಿಂದ ಬರುವ ಸುಟ್ಟ ಸುಣ್ಣ ಬೇರೆಯೇ.

ಸುಣ್ಣಕಲ್ಲನ್ನೋ ಚಿಪ್ಪನ್ನೋ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಉಳಿಯುವುದು ಕ್ಯಾಲ್ಸಿಯಂ ಆಕ್ಸೈಡ್. ನೀರು ತಾಗಿದರೆ ಅದು ಕಾಯುತ್ತದೆ. 1 ಕೆ.ಜಿ. ಶುದ್ಧ ಸುಣ್ಣ ಹೀಗೆ ನೀರು ಕುಡಿದು ಅರಳುವಾಗ ಬಿಡುವ ಶಾಖ 3 ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಅರಳಿದ ಮೇಲೂ ಖಾರ ಹೋಗುವುದಿಲ್ಲ. ಸುಣ್ಣದ ತಿಳಿನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ, ಶುದ್ಧ ನೀರಿಗೆ 7) 12ಕ್ಕಿಂತ ಜಾಸ್ತಿ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಕೊಡ ಶುದ್ಧ ನೀರು, ಚೊಂಬು ಪಕ್ಕದಲ್ಲಿಡಿ. ನಲ್ಲಿಯ ಪೈಪ್ ಹತ್ತಿರವಿದ್ದರೆ ಇನ್ನೂ ಒಳ್ಳೆಯದು. ಕಣ್ಣಿನ ಸುತ್ತ ಪೂರ್ತಿ ಮುಚ್ಚುವ ಕನ್ನಡಕ, ರಬ್ಬರ್ ಗ್ಲೌಸ್, ತುಂಬುತೋಳಿನ ಅಂಗಿ, ಗಮ್ ಬೂಟು ಬೇಕು. ಬೆವರಿದ ಮೈಗೆ ಸುಣ್ಣದ ಪುಡಿ ಅಂಟಿದರೂ ಚರ್ಮ ಸುಡುತ್ತದೆ. ಮಕ್ಕಳನ್ನು ಅಂಗಳದಿಂದ ಆಚೆ ಕಳಿಸಿ.

ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ತೆಳು ಪ್ಲಾಸ್ಟಿಕ್ ಬಕೆಟ್ಟಿನ ತಳ ಬಿಸಿಗೆ ಮೆತ್ತಗಾಗುತ್ತದೆ. ಬಿಸಿ ತಡೆಯುವ ಬೇರೆ ಪಾತ್ರೆಗೆ ಮೊದಲು 5 ಲೀಟರ್ ನೀರು ಹಾಕಿ. ಅದಕ್ಕೆ 1 ಕೆ.ಜಿ. ಸುಣ್ಣವನ್ನು ಒಂದೊಂದೇ ಹರಳಾಗಿ ಬಿಡಿ. ಸುಣ್ಣದ ರಾಶಿಯ ಮೇಲೆ ಚೊಂಬಿನಿಂದ ನೀರು ಸುರಿಯಬೇಡಿ. ಒಳಗೆ ಸಿಕ್ಕಿಕೊಂಡ ಹಬೆ ಕೆಸರನ್ನು ಮುಖಕ್ಕೆ ಎರಚುತ್ತದೆ.

ಮೋಸವಾಗುವುದು ಇದರ ನಂತರ. ಜಾಸ್ತಿ ಸುಟ್ಟ ಹರಳು ನೀರಿನಲ್ಲಿ ಕೆಲವು ನಿಮಿಷ ಸುಮ್ನೆ ಕೂತಿರುತ್ತದೆ. ಸುಣ್ಣ ಹಳೆಯದಿರಬೇಕು ಅಂದುಕೊಂಡು ನಾವು ಬಗ್ಗಿ ನೋಡುತ್ತೇವೆ. ಅಷ್ಟರಲ್ಲಿ ಹರಳು ಬಿರಿದು, ನೀರು ಕೊತಕೊತ ಕುದಿದು ಮೇಲಕ್ಕೆ ಹಾರುತ್ತದೆ. ಉದ್ದ ಕೋಲಿನಿಂದ ದೂರ ನಿಂತೇ ಕಲಕಿ.

ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ನೀರು ಸೇರಿಸಿ 50 ಲೀಟರ್ ಮಾಡಿಕೊಳ್ಳಿ. 1 ಕೆ.ಜಿ. ಮೈಲುತುತ್ತನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇನ್ನೊಂದು 50 ಲೀಟರ್ ನೀರಿಗೆ ಕರಗಿಸಿ. ಸುಣ್ಣದ ನೀರನ್ನೂ ಪ್ಲಾಸ್ಟಿಕ್ ಡ್ರಮ್ಮಿಗೆ ಬಗ್ಗಿಸಿಕೊಂಡು, ತುತ್ತಿನ ನೀರನ್ನು ಅದಕ್ಕೆ ನಿಧಾನವಾಗಿ ಸುರಿಯುತ್ತಾ ಕಲಕಿ. ಉಜ್ಜಿದ ಕಬ್ಬಿಣದ ಕತ್ತಿ ಅದ್ದಿದಾಗ ಕೆಂಪು ಕಟ್ಟಿದರೆ ಸುಣ್ಣ ಸಾಲದು. ಸ್ವಲ್ಪ ಸುಣ್ಣದ ನೀರು ಸೇರಿಸಿ ಮತ್ತೆ ಅದ್ದಿ ನೋಡಿ. ಅದೇ ದಿನ ಹೊಡೆದು ಮುಗಿಸಿ.

ಕಣ್ಣಿಗೆ ಹಾರಿದರೆ ಒಂದು ಕ್ಷಣವೂ ಕಾಯಬೇಡಿ. ಸುಣ್ಣದ ಕ್ಷಾರ ಕಣ್ಣಿನ ಒಳಕ್ಕೆ ಇಳಿಯುತ್ತಾ ಹೋಗುತ್ತದೆ, ಕರಿಗುಡ್ಡೆ ಮೇಲಿನ ಪಾರದರ್ಶಕ ಪೊರೆ ಬೆಳ್ಳಗಾಗಿ ದೃಷ್ಟಿಯೇ ಹೋಗಬಹುದು. ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 20–30 ನಿಮಿಷ ನೀರು ಬಿಡುತ್ತಲೇ ಇರಿ. ರೆಪ್ಪೆಯೊಳಗೆ ಸಿಕ್ಕಿದ ಚೂರನ್ನು ಒದ್ದೆ ಹತ್ತಿಯಿಂದ ತೆಗೆಯಿರಿ. ತುಪ್ಪ, ಎದೆಹಾಲು, ನಿಂಬೆರಸ ಯಾವುದೂ ಬೇಡ, ದಯವಿಟ್ಟು. ತೊಳೆದ ಕೂಡಲೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮೈಮೇಲೆ ಒಣ ಪುಡಿ ಬಿದ್ದರೆ ಮೊದಲು ಕೊಡವಿ, ಆಮೇಲೆ ಧಾರಾಳ ನೀರಿನಲ್ಲಿ ತೊಳೆಯಿರಿ.

ಉಳಿದ ಸುಣ್ಣವನ್ನು ಒಣಗಿದ ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿ, ನೆಲದಿಂದ ಎತ್ತರಕ್ಕೆ ಇಡಿ. ಕೊಟ್ಟಿಗೆಯ ಹುಲ್ಲಿನ ಪಕ್ಕ ಬೇಡ. ಮಾಡು ಸೋರಿ ಸುಣ್ಣ ನೆನೆದರೆ ಆ ಬಿಸಿಗೆ ಹುಲ್ಲು ಹೊತ್ತಿಕೊಳ್ಳಬಹುದು.