ಹಳೆಯ ಫೋನ್ ಕೊಳ್ಳುವ ಮುನ್ನ ಒಂದು ಎಸ್‌ಎಂಎಸ್
ರಾಯಚೂರಿನ ತೀನ್ ಕಂದೀಲ್ ಕಡೆಯ ಅಂಗಡಿಯಲ್ಲಾಗಲಿ, ಪರಿಚಯದವರಿಂದಾಗಲಿ ಬಳಸಿದ ಫೋನ್ ಕೊಳ್ಳುವವರು ದುಡ್ಡು ಎಣಿಸುವ ಮುನ್ನ ಅದರಲ್ಲಿ *#06# ಒತ್ತಿ. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ (KYM) ಎಂದು ಬರೆದು, ಜಾಗ ಬಿಟ್ಟು, ತೆರೆಯ ಮೇಲೆ ಬಂದ 15 ಅಂಕಿಗಳ ಐಎಂಇಐ (ಫೋನಿನ ಗುರುತಿನ) ಸಂಖ್ಯೆಯನ್ನು ಸೇರಿಸಿ ನಿಮ್ಮ ಮೊಬೈಲಿನಿಂದ 14422ಕ್ಕೆ ಎಸ್‌ಎಂಎಸ್ ಮಾಡಿ. ಉತ್ತರದಲ್ಲಿ ಬ್ಲ್ಯಾಕ್‌ಲಿಸ್ಟ್ (ತಡೆಹಿಡಿದ ಫೋನು) ಎಂದಿದ್ದರೆ ಎಷ್ಟೇ ಅಗ್ಗವಾಗಿದ್ದರೂ ಬೇಡವೇ ಬೇಡ. ಕಳುವಾದ ಫೋನಿನ ಐಎಂಇಐಯನ್ನೇ ದೇಶದ ಎಲ್ಲ ಕಂಪನಿಗಳ ಜಾಲದಲ್ಲೂ ತಡೆಯುವುದರಿಂದ ಸಿಮ್ ಬದಲಿಸಿ ಪ್ರಯೋಜನವಿಲ್ಲ. ವೈಫೈಯಲ್ಲಿ ವಿಡಿಯೊ ಓಡಿಸಿ ತೋರಿಸಿದರೆ ದಯವಿಟ್ಟು ನಂಬಬೇಡಿ, ತಡೆಹಿಡಿದ ಫೋನಿನಲ್ಲೂ ಅದು ಓಡುತ್ತದೆ. ಎರಡು ಸಿಮ್ ಇದ್ದರೆ ಎರಡೂ ಸಂಖ್ಯೆ ನೋಡಿ. ಮೊನ್ನೆಯಷ್ಟೇ ಕಳುವಾಗಿ ಇನ್ನೂ ದೂರು ದಾಖಲಾಗದ ಫೋನು ಇದರಲ್ಲಿ ಸಿಕ್ಕಿಬೀಳುವುದಿಲ್ಲ, ಬಿಲ್ಲು ಕೇಳಿ. ವಿದೇಶದ ಮೊಬೈಲ್ ಕಂಪನಿಯೊಂದರ ಸಿಮ್ಮಿಗೇ ಲಾಕ್ ಆದ ಫೋನೂ ಇದರಲ್ಲಿ ತಿಳಿಯದು. ಅದಕ್ಕೆ ನಿಮ್ಮ ಸಿಮ್ ಹಾಕಿ, ಅಲ್ಲೇ ನಿಂತು ಒಂದು ಕರೆ ಮಾಡಿ.